ಮೂರು ಎಡಗೈಗಳ ಹುಡುಗಿ

ಫೋರ್ಟಿನ ಹಳೇ ಲೈಬ್ರರಿ, ಮೂರನೇ ಮಹಡಿ.
ಫ್ಯಾನು ಹಾಕುವಂತಿಲ್ಲ, ಹಾಳೆ ಹಾರುತ್ತದೆ.
ಬೆವರು ತೊಟ್ಟಿಕ್ಕದ ಹಾಗೆ
ಹಣೆಗೆ ಕರ್ಚೀಫು ಕಟ್ಟಿ ಕೂತಿದ್ದೇನೆ
ನೂರೈವತ್ತು ವರ್ಷದ ಪೆನ್ಸಿಲ್ ಗೀಟುಗಳೆದುರು.

ಮಕ್ಕಳ ಪುಸ್ತಕಕ್ಕೆಂದು ಲಂಡನ್ನಿನಲ್ಲಿ ಯಾರೋ ಗೀಚಿದ್ದು.
ಹುಡುಗಿ, ಬಾತುಕೋಳಿ, ಅರ್ಧ ಬೇಲಿ.
ಹುಡುಗಿಗೆ ಎಡಗೈ ಮೂರು:
ಒಂದು ಬಾತಿನ ಕೊರಳ ಮೇಲೆ,
ಒಂದು ಬೆನ್ನ ಹಿಂದೆ, ಏನನ್ನೋ ಬಚ್ಚಿಟ್ಟು,
ಇನ್ನೊಂದು ಗಾಳಿಯಲ್ಲಿ,
ಕರೆಯುತ್ತಿದೆಯೋ, ಹೊಡೆಯಲೆತ್ತಿದೆಯೋ.

ಅಚ್ಚಾದ ಪುಸ್ತಕ ಕೆಳಗೆ ಗಾಜಿನ ಪೆಟ್ಟಿಗೆಯಲ್ಲಿದೆ.
ಅಲ್ಲಿ ಒಂದೇ ಎಡಗೈ. ಬಾತಿನ ಕೊರಳು. ನೀಲಿ ಲಂಗ.
ತಲೆ ಬಾಚಿಕೊಂಡ, ಹೇಳಿದ ಮಾತು ಕೇಳುವ ಹುಡುಗಿ.

ಇಲ್ಲಿ ಮೂಲೆಯಲ್ಲೊಂದು ಲೆಕ್ಕ, ಅದೇ ಪೆನ್ಸಿಲ್ಲು:
ಕಲ್ಲಿದ್ದಲು, ಹಾಲು, ಬೂಟಿನ ಅಟ್ಟೆ.
ಕೂಡಿ, ಹೊಡೆದುಹಾಕಿ, ಮತ್ತೆ ಕೂಡಿದ್ದಾರೆ.
ನಾನೂ ಕೂಡಿ ನೋಡಿದೆ:
ಎರಡು ಸಲವೂ ತಪ್ಪು.

‘ಕೊಳೆ ಹೋಗಲಿ, ಗೆರೆ ಉಳಿಯಲಿ’
ಎಂದು ಫ್ರೇನಿ ಮೇಡಂ ಚೀಟಿ ಇಟ್ಟಿದ್ದಾರೆ.
ರಬ್ಬರಿನ ಪುಡಿ ಉದುರಿಸಿ ಬೆರಳ ತುದಿಯಲ್ಲಿ ಉಜ್ಜುತ್ತೇನೆ,
ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ. ಆದರೆ ಇಲ್ಲಿ
ಕಲ್ಲು ಯಾವುದು?

ಬಾತಿನ ರೆಕ್ಕೆಯ ಬುಡದಲ್ಲಿ
ಹೆಬ್ಬೆಟ್ಟಿನ ಗುರುತು. ಪುಟ್ಟದು.
ಬೆಣ್ಣೆಯೋ ಜ್ಯಾಮೋ ಮೆತ್ತಿದ್ದ ಬೆರಳು.
ಲೆಕ್ಕ ತಪ್ಪಿದ್ದು ಆಗಲೇ ಇರಬೇಕು.
ರಿಜಿಸ್ಟರಿನಲ್ಲಿ ಅದನ್ನು ಕೊಳೆ ಎಂದು ಬರೆಯಲು
ಕೈ ಬರಲಿಲ್ಲ. ರೆಕ್ಕೆಯ ನೆರಳು ಎಂದು ಬರೆದೆ.

ಆರೂ ಹದಿನೆಂಟರ ವಿರಾರ್ ಫಾಸ್ಟು.
ಒಂದು ಕೈ ಮೇಲಿನ ಹಿಡಿಕೆಗೆ,
ಒಂದು ಎದೆಗವುಚಿದ ಬ್ಯಾಗಿಗೆ.
ಬಾಗಿಲಲ್ಲಿ ನಿಂತ ಪುಟ್ಟಿಯೊಬ್ಬಳು
ಎದುರು ಹಳಿಯ ರೈಲಿಗೆ ಕೈ ಬೀಸುತ್ತಿದ್ದಳು.
ನನಗೂ ಇತ್ತು ಅಂಥದೊಂದು.
ಯಾರು, ಯಾವಾಗ ಅಳಿಸಿದರೋ.