ಒಂದನೇ ಗೇರು

ಪೊಟೊಸಿಯ ಏರಿನಲ್ಲಿ ಸತುರ್ನಿನಾಳ ಲಾರಿ
ಹನ್ನೆರಡು ಟನ್ ತವರದ ಅದಿರು ಹೊತ್ತು
ಒಂದನೇ ಗೇರಿಗೆ ಇಳಿಯಿತು.
ಲಾಮಾ ಒಂದು ನಮ್ಮನ್ನು ದಾಟಿ,
ತಿರುಗಿ ನೋಡಿ, ಮುಂದೆ ಹೋಯಿತು.

“ಇಂಜಿನ್ನಿಗಿರುವುದು ಇಷ್ಟೇ ಸಾಮರ್ಥ್ಯ ಕಣೋ,
ಬಲಕ್ಕೆ ಕೊಟ್ಟರೆ ವೇಗಕ್ಕಿಲ್ಲ.
ಖಾಲಿ ಬರುವಾಗ ನೋಡು.”

ಕೊನೆಯ ತಿರುವಲ್ಲಿ ಅದೂ ನಿಂತಿತು.
ನಾನು ಹಾರಿ, ಹಿಂದಿನ ಗಾಲಿಗೆ ಕಲ್ಲು ಕೊಟ್ಟೆ.
ಇಡೀ ಲಾರಿ ಅದರ ಮೇಲೆ ಒರಗಿತು.

ರಾತ್ರಿಶಾಲೆಯ ಮೇಷ್ಟ್ರು ಹೇಳಿದ್ದರು:
ಬಲವನ್ನು ವೇಗದಿಂದ ಗುಣಿಸು.
ಗುಣಿಸಿದೆ. ಕಲ್ಲು ಕದಲಿರಲಿಲ್ಲ;
ಉತ್ತರ ಸೊನ್ನೆ.

ಇಂಜಿನ್ ತಣಿದು ಹೊರಡುವಾಗ
ಸತುರ್ನಿನಾ ಆ ಸೊನ್ನೆಯನ್ನು ಎರಡೂ ಕೈಯಲ್ಲೆತ್ತಿ,
ಲಂಗದಲ್ಲಿ ಮಣ್ಣೊರೆಸಿ,
ಸೀಟಿನ ಮೇಲೆ ನಮ್ಮಿಬ್ಬರ ನಡುವೆ
ಕೂರಿಸಿದಳು.