ಬಿರಡೆ

ಬಿರ್ಕತ್ ಅಲ್ ಮೌಝಿನ ಚೌಕಿಯಲ್ಲಿ ಪೊಲೀಸಿನವ
ಜೀಪಿನ ಚಕ್ರ ನೋಡಿ, ಕಾಗದ ನೋಡಿ,
ಹಿಂದಿನ ಸೀಟಿನ ದೊಡ್ಡ ಫ್ಯಾನು ನೋಡಿ ನಕ್ಕ:
"ಬೆಟ್ಟಕ್ಕೇ ಗಾಳಿ ಹೊತ್ತುಕೊಂಡು ಹೊರಟಿರಾ?"
ಹೌದು ಅಂದೆ. ನನ್ನ ಅರಬಿ
ಕಿರಾಣಿ ಅಂಗಡಿಯ ಹೊಸ್ತಿಲು ದಾಟುವುದಿಲ್ಲ.

ಸೈಕ್ ಊರು. ಡಿಸೆಂಬರು.
ಬೆಳಿಗ್ಗೆ ಕೆಳಗೆ ನಿಝ್ವಾದಲ್ಲಿ ಬನಿಯನ್ನಿನಲ್ಲಿ ಹಲ್ಲುಜ್ಜಿದವರು
ಇಲ್ಲಿ ಅಂಗಳದ ಪೈಪು ಸೀಳಿದ್ದನ್ನು ನಿಂತು ನೋಡುತ್ತಿದ್ದೇವೆ,
ನೀರು ರಾತ್ರೋರಾತ್ರಿ ಕಲ್ಲಾಗಿ ಊದಿಕೊಂಡಿದೆ.
ಜೂನಿನಲ್ಲಿ ಇದೇ ಗೋಡೆ ಕಾವಲಿಯಂತೆ ಕಾಯುತ್ತದಂತೆ.
ಎರಡನ್ನೂ ತಡೆಯಬೇಕು, ಕರೆಂಟು ಮಾತ್ರ
ಗುಬ್ಬಿ ತಿಂದಷ್ಟು ತಿನ್ನಬೇಕು:
ಝುವೈನಾ ಅವರ ಕರಾರು ಇಷ್ಟೇ.
ವಾಲ್ನಟ್ ಮರದಡಿ ಕೂತು, ಬೆರಳು ಮಡಚಿ ಹೇಳಿದ್ದರು.

ಏಳು ತಿಂಗಳು.
ಕಲ್ಲಿನ ಗೋಡೆಯೊಳಗೆ ಒಂದು ಗೇಣು ಕಲ್ಲುಣ್ಣೆ,
ಕಿಟಕಿಗೆ ಮೂರು ಪದರ ಗಾಜು,
ಬಾಗಿಲಿಗೆ ರಬ್ಬರಿನ ತುಟಿ.
ಇದಿನಬ್ಬಾಕನ ಕರಣೆ ಮೂವತ್ತೊಂದು ವರ್ಷ
ಗಲ್ಫಿನ ಗೋಡೆಗಳನ್ನು ಸವರಿ ಸವೆದದ್ದು,
ಗಾರೆ ಅವರ ಮಾತು ಕೇಳುತ್ತದೆ.
ಸೂರಿನ ಮೇಲಿನ ಟೇಕ್ ಬಹಾದೂರ್ ಮಾತ್ರ ಒಪ್ಪುವುದಿಲ್ಲ:
"ಎಲ್ಲಿ ನಮಗೆ ಜಂಭವೋ ಅಲ್ಲೇ ಗಾಳಿ ನುಗ್ಗುವುದು, ದಾಯಿ."
ಬೆಟ್ಟದವನು, ಅವನಿಗೆ ಗೊತ್ತಿರಬೇಕು.

ಇವತ್ತು ಪರೀಕ್ಷೆ.
ಬಾಗಿಲ ಚೌಕಟ್ಟಿಗೆ ಕೆಂಪು ಬಟ್ಟೆ ಬಿಗಿದು ಫ್ಯಾನು ಹಚ್ಚಿದೆವು.
ಮನೆ ಉಸಿರು ತುಂಬಿಕೊಂಡು
ಶಂಖ ಊದುವವನಂತೆ ಕೆನ್ನೆ ಉಬ್ಬಿಸಿತು.
ಮೀಟರು ಹೇಳಿತು: ಸೊನ್ನೆ ಬಿಂದು ಏಳು ಒಂದು.
ಬೇಕಾದ್ದು ಸೊನ್ನೆ ಬಿಂದು ಆರು.
ಆನೆಯನ್ನು ಹೊರಗೆ ದಬ್ಬಿದ್ದೆವು,
ಬಾಲ ಎಲ್ಲೋ ಒಳಗೇ ಉಳಿದಿತ್ತು.

ಬಿರುಕು ಹುಡುಕುವ ಹೊಗೆಯ ಪೆನ್ನು ಖಾಲಿ.
ಇದಿನಬ್ಬಾಕ ಸೊಳ್ಳೆಗೆಂದು ಇಟ್ಟುಕೊಂಡ ಊದುಬತ್ತಿ ಹಚ್ಚಿ
ಕೋಣೆ ಕೋಣೆ ಸುತ್ತಿದೆ, ಪೂಜಾರಿಯ ಹಾಗೆ,
ದೇವರಿಲ್ಲದ ಮೂಲೆಗಳಿಗೆಲ್ಲ ಧೂಪ ತೋರಿಸುತ್ತ.
ಕಿಟಕಿಗಳ ಎದುರು ಹೊಗೆ ನೆಟ್ಟಗೆ ನಿಂತಿತು.
ಸ್ವಿಚ್ಚಿನ ಪೆಟ್ಟಿಗೆಯೆದುರು ತುಸು ಕೊಂಕಿತು, ಅದು ಲೆಕ್ಕಕ್ಕಿಲ್ಲ.
ಮಲಗುವ ಕೋಣೆಯಲ್ಲಿ, ದಿಂಬಿನ ಎತ್ತರಕ್ಕೆ,
ಅಡ್ಡ ಬಿದ್ದು ಓಡಿತು
ಗೋಡೆಯೊಳಕ್ಕೆ, ಬಿಲ ಸೇರುವ ಇಲಿಯಂತೆ.

ಪರದೆ ಸರಿಸಿದೆ.
ಬಿರುಕಲ್ಲ. ತೂತು. ಮೂರು ಬೆರಳು ತೂರುವಷ್ಟು,
ದುಂಡಗೆ, ಒಳಮೈಗೆ ನುಣ್ಣಗೆ ಗಾರೆ ಬಳಿದು.
ಈ ಊರಲ್ಲಿ ಅಷ್ಟು ನುಣ್ಣಗೆ ಬಳಿಯುವ ಕೈ ಒಂದೇ.
ತಿರುಗಿ ನೋಡಿದೆ.
ಇದಿನಬ್ಬಾಕ ಟೋಪಿ ತೆಗೆದು ಧೂಳು ಕೊಡವುತ್ತಿದ್ದರು,
ಟೋಪಿಯಲ್ಲಿ ಧೂಳಿರಲಿಲ್ಲ.

"ನಾನೇ ಕೇಳಿದ್ದು," ಅಂದರು ಝುವೈನಾ, ಬಾಗಿಲಲ್ಲಿ.
ಅವರ ತಂದೆ ಫಲಜಿನ ನೀರಿನ ಸರದಿ ಕಾಯುವವರು.
ಹಳೆಯ ಮಣ್ಣಿನ ಮನೆಯಲ್ಲಿ ಇಂಥದೇ ತೂತಿಗೆ ತಲೆಕೊಟ್ಟು ಮಲಗಿ
ನಿದ್ದೆಯಲ್ಲೇ ಗುರುತು ಹಿಡಿಯುತ್ತಿದ್ದರಂತೆ,
ಕಾಲುವೆಯ ಸದ್ದು ಯಾವ ದಾಳಿಂಬೆ ತೋಟಕ್ಕೆ ಹೊರಳಿತೆಂದು.
"ನಿಮ್ಮ ಮೂರು ಗಾಜಿನ ಹಿಂದೆ
ನನಗೆ ನನ್ನ ರಕ್ತದ ಸದ್ದೇ ಕೇಳಿಸುತ್ತದೆ."

ಗೋಡೆಗೂ ಕಿವಿಯಿದೆ ಎಂದು ಹೇಳುತ್ತಿದ್ದರು ನಮ್ಮಲ್ಲಿ,
ಬಾಯಿಗೆ ಬೀಗ ಹಾಕಿಸಲು.
ಕಿವಿಗೆ ಏನು ಹಾಕುವುದೆಂದು ಯಾರೂ ಹೇಳಿರಲಿಲ್ಲ.
ಫೋಮು ಡಬ್ಬಿ ಕೈಯಲ್ಲೇ ಇತ್ತು. ಒಂದು ಒತ್ತು ಸಾಕು,
ಬೆಳ್ಳಗೆ ನೊರೆಯಾಗಿ ಉಬ್ಬಿ ಗಟ್ಟಿಯಾಗುತ್ತಿತ್ತು.

ಊಟದ ಬಿಡುವಿನಲ್ಲಿ ಟೇಕ್ ಬಹಾದೂರ್
ವಾಲ್ನಟ್ಟಿನ ಒಣಕೊಂಬೆ ಕೆತ್ತಿ ಬಿರಡೆ ಮಾಡಿದ.
ಝುವೈನಾ ಮೇಕೆಯ ಉಣ್ಣೆ ತಂದು ಸುತ್ತಿದರು, ಬಿಗಿಯಾಗಿ,
ಕಳೆದುಹೋಗದಂತೆ ಒಂದು ದಾರ.
ತುರುಕಿದಾಗ ಬಾಟಲಿಯ ಮುಚ್ಚಳದಂತೆ ಕಿರ್ ಅಂದಿತು.
ಮತ್ತೆ ಫ್ಯಾನು. ಸೊನ್ನೆ ಬಿಂದು ಐದು ಒಂಬತ್ತು.
ವರದಿಯಲ್ಲಿ ಬಿರಡೆಗೆ ಕಲಮು ಇರಲಿಲ್ಲ. ಸಂಖ್ಯೆ ಬರೆದೆ.

ಇಳಿಯುವಾಗ ಕತ್ತಲು. ಬ್ರೇಕಿನ ಸುಟ್ಟ ವಾಸನೆ.
ನಿಝ್ವಾದ ನಮ್ಮ ಕೋಣೆ ನೆನಪಾಯಿತು:
ಎಂಟು ಮಂಚ, ಏಸಿಯ ಸುತ್ತ ಬಿಸ್ಕತ್ತಿನ ರಟ್ಟು,
ಊದುಬತ್ತಿ ಬೇಡ, ಎಲ್ಲಿ ಸೋರುತ್ತದೆಂದು ಎಲ್ಲರಿಗೂ ಗೊತ್ತು.
ಟೇಕ್ ಕೇಳಿದ: "ಆ ಅಮ್ಮ ಬಿರಡೆ ತೆಗೆಯುತ್ತಾರೋ ಇಲ್ಲವೋ,
ನಮಗೆ ಹೇಗೆ ತಿಳಿಯಬೇಕು?"
ಇದಿನಬ್ಬಾಕ ಕಣ್ಣು ಮುಚ್ಚಿಕೊಂಡೇ ಅಂದರು:
"ಕರೆಂಟು ಬಿಲ್ಲು ಬರಲಿ ಮಾರಾಯ.
ಎಷ್ಟು ರಾತ್ರಿ ನೀರು ಕೇಳಿದರೆಂದು
ಪೈಸೆ ಸಮೇತ ಬರೆದಿರುತ್ತದೆ."