ತೊಂಬತ್ತೆಂಟರಲ್ಲಿ ನಿಂತ ಪಂದ್ಯ

ಹದಿಮೂರು ದಿನದಿಂದ ತೊಂಬತ್ತೆಂಟರಲ್ಲೇ ನಿಂತಿದೆ
ಹಸಿರು ಪಟ್ಟಿ.
ನಾಪೋಕ್ಲು ಮೈದಾನ, ಒಕ್ಕ ಒಕ್ಕಗಳ ಹಾಕಿ,
ಇಪ್ಪತ್ತೆರಡು ವರ್ಷ ಹಳೆಯ ಸೆಮಿಫೈನಲ್.
ತೆಗೆದವನು ಮೊಯ್ದು,
ಆವತ್ತು ಯಾರದೋ ಮದುವೆಗೆ ಹೋಗಬೇಕಿದ್ದವನು.
ಅವನ ಸ್ಟುಡಿಯೋದ ಟೇಪುಗಳಿಗೆಲ್ಲ ಬೂಷ್ಟು ಹಿಡಿಯಿತು.
ಅದಕ್ಕೂ ಮುಂಚೆ ಯಾರೋ ನಕಲು ಮಾಡಿ
ತುಂಡು ತುಂಡಾಗಿ ಲೋಕಕ್ಕೆ ಹಂಚಿಬಿಟ್ಟಿದ್ದರು.

ಈ ತಂತ್ರಾಂಶಕ್ಕೆ ಒಡೆಯನಿಲ್ಲ.
ಬೇಕಿದ್ದವರು ಹೊಲಿಗೆ ಬಿಚ್ಚಿ ನೋಡಬಹುದು,
ಮತ್ತೆ ಹೊಲಿಯಬಹುದು.
ನಾನೂ ಒಂದಿಷ್ಟು ಹೊಲಿದೆ, ಕನ್ನಡದ ಮೆನು.
ಕೊಡುವವರಿಗೆ 'ಬಿತ್ತುವವರು' ಎಂದು ಬರೆದೆ.
ತೆಗೆದುಕೊಂಡು ಬಾಗಿಲು ಹಾಕಿಕೊಳ್ಳುವವರಿಗೆ
ಇಂಗ್ಲಿಷಿನಲ್ಲೂ ಜಿಗಣೆ ಎಂದೇ ಹೆಸರು,
ಹಾಗೆಯೇ ಇಟ್ಟೆ.
ಜೂನ್ ತಿಂಗಳ ಕಾಫಿ ತೋಟದಲ್ಲಿ
ಸಾಕ್ಸಿಗೆ ಸುಣ್ಣ ಸವರಿ ನಡೆದವರಿಗೆ
ಅರ್ಥ ಬೇರೆ ಹೇಳಬೇಕೆ?

ಉಳಿದದ್ದೆಲ್ಲ ನಮ್ಮ ಆಟದ ಹಾಗೇ.
ಚೆಂಡು ಯಾರದ್ದೂ ಅಲ್ಲ.
ಇಟ್ಟುಕೊಂಡವನ ಕಾಲಿಗೆ ಕೋಲು ಬೀಳುತ್ತದೆ.
ಮೊದಲರ್ಧ ಬಂದದ್ದು ಮಸ್ಕತ್ತಿನಿಂದ,
ಬೌಂಡರಿಯಾಚೆ ಅತ್ತೆಯ ಕಿರುಚಾಟ ವಿರಾಜಪೇಟೆಯಿಂದ,
ಅಣ್ಣ ಪೆಮ್ಮಯ್ಯ ಬೂಟಿನ ಲೇಸು ಕಟ್ಟುತ್ತ ಕೂತ ಹನ್ನೊಂದು ಸೆಕೆಂಡು
ಹಾಕಿಯನ್ನೇ ಅರಿಯದ ಯಾವುದೋ ದೇಶದ ಯಂತ್ರದಿಂದ.
ಬಾರದೆ ಉಳಿದದ್ದು ಕೊನೆಯ ನಿಮಿಷದ ಪೆನಾಲ್ಟಿ ಸ್ಟ್ರೋಕ್.
ಅಣ್ಣ ಚೆಂಡಿನ ಮುಂದೆ ಬಾಗುತ್ತಾನೆ,
ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ,
ಆಮೇಲೆ ಜನ ಕುಣಿಯುತ್ತಿರುತ್ತಾರೆ.

ನಿನ್ನೆ ರಾತ್ರಿ ಹನ್ನೊಂದೂಕಾಲಿಗೆ
ಪಟ್ಟಿಯಲ್ಲಿ ಹೊಸ ಹೆಸರು ಮಿನುಗಿತು: 'ಬಾಳೆಲೆ-ಒಂದು'.
ಇಡೀ ಪಂದ್ಯವಲ್ಲ,
ಅದೊಂದೇ ತುಂಡು ಇತ್ತು ಅವನ ಬಳಿ.
ಬಾಳೆಲೆಯಿಂದ ಬಂದು ಒಂದನೇ ನಂಬರಿನ ಅಂಗಿ ತೊಟ್ಟವನು
ಬೆಳ್ಯಪ್ಪನಲ್ಲದೆ ಇನ್ನಾರು.
ಎದುರು ತಂಡದ ಗೋಲ್‌ಕೀಪರ್.
ಎಡಕ್ಕೆ ಹಾರಿದ್ದ. ಚೆಂಡು ಬಲಕ್ಕೆ ಹೋಗಿತ್ತು.
ಇಷ್ಟು ವರ್ಷ ಅದನ್ನೇ ಹಿಂದೆ ಮುಂದೆ ಓಡಿಸಿ
ಏನು ನೋಡುತ್ತಿದ್ದನೋ.

ಲೈನು ನಿಧಾನ. ಎರಡು ಸಲ ಕರೆಂಟು ಹೋಯಿತು,
ಎರಡು ಸಲವೂ ಮರಳಿ ಬಂದ.
ಒಂದು ಗಂಟೆಗೆ ಪಟ್ಟಿ ತುಂಬಿತು.
ಅಣ್ಣ ಹೊಡೆದ.
ಗೋಲು.
ಮೊಯ್ದುವಿನ ಕ್ಯಾಮೆರಾ ಕುಣಿತವನ್ನೆಲ್ಲ ಬಿಟ್ಟು
ಮಣ್ಣಲ್ಲಿ ಮಂಡಿಯೂರಿದವನ ಮೇಲೆ ನಿಂತಿತ್ತು, ಬಹಳ ಹೊತ್ತು.
ಅಣ್ಣ ಹೋಗಿ ಕೈ ಕೊಟ್ಟು ಎಬ್ಬಿಸಿದ್ದ.
ನಮ್ಮ ಮನೆಯಲ್ಲಿ ಯಾರಿಗೂ ಅದು ಗೊತ್ತೇ ಇರಲಿಲ್ಲ.

ಯಂತ್ರ ಆರಿಸದೆ ಕೂತೆ. ಈಗ ನಾನೂ ಬಿತ್ತುವವಳು.
ಸ್ವಲ್ಪ ಹೊತ್ತಿಗೆ
ಆಚೆಯಿಂದ ಒಂದು ಕೈ ಚಾಚಿತು, ಬಾಳೆಲೆ-ಒಂದು:
ಉಳಿದ ತೊಂಬತ್ತೆಂಟು ಬೇಕಂತೆ.